ಮೇಲೆ ಒಬ್ಬ ಇರುವ ತನಕ

ಹಾನಗಲ್ಲ
11 ಫೆಬ್ರುವರಿ 2025

ಶಿವಾನಂದಣ್ಣನಿಗೆ,

ಮಹಾಂತೇಶ ಪೆಂಡಾಲಿನ ಏಣಿಯಿಂದ ಬಿದ್ದಾಗ ನೀನು ಊಟದ ಪಂಕ್ತಿ ಬಿಟ್ಟು ಏಳಲಿಲ್ಲ. ಇದು ತಪ್ಪು. ಇದಕ್ಕೆ ಮೆತ್ತಗಿನ ಇನ್ನೊಂದು ಹೆಸರು ನನಗೆ ಗೊತ್ತಿಲ್ಲ.

ಫೋನಿನಲ್ಲೇ ಹೇಳಲು ನೋಡಿದೆ. ಮೊದಲ ಸಲ ನೀನು ನಕ್ಕುಬಿಟ್ಟೆ. ಎರಡನೆಯ ಸಲ ಕಟ್ ಮಾಡಿದೆ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕುತುಬು ಚಾಚಾ ಹೇಗೂ ನಮ್ಮ ಪೆಂಡಾಲು ಬಾಡಿಗೆಯ ಎರಡೂ ಗೋದಾಮುಗಳ ನಡುವೆ ಟೆಂಪೊ ಓಡಿಸುತ್ತಾರೆ. ಕಂಬ, ಕೊಪ್ಪರಿಗೆ, ಜಮಖಾನಗಳ ಜೊತೆ ಇದೂ ಬರಲಿ.

ನನಗೆ ತಿಳಿದದ್ದನ್ನು ಹೇಳುತ್ತೇನೆ, ಸುಳ್ಳಿದ್ದರೆ ತಿದ್ದು. ಭಾನುವಾರದ ಮದುವೆಗೆ ಜನ ಸಾಲದೆಂದು ನೀನು ಹಾನಗಲ್ಲಿನಿಂದ ಮಹಾಂತೇಶನನ್ನೂ ಲೋಹಿತನನ್ನೂ ಹಿರೇಕೆರೂರಿಗೆ ಕರೆಸಿಕೊಂಡೆ. ಮಧ್ಯಾಹ್ನ ಗಾಳಿ ಎದ್ದು ಪೆಂಡಾಲಿನ ಒಂದು ಮೂಲೆಯ ಬಟ್ಟೆ ಬಿಚ್ಚಿತು. ಉಣ್ಣುವವರ ಎಲೆಗಳ ಮೇಲೆ ಧೂಳು ಬಿತ್ತು. ನೀನು ಹೆಣ್ಣಿನ ತಂದೆಯ ಪಕ್ಕದಲ್ಲಿ ಹುಗ್ಗಿ ಉಣ್ಣುತ್ತ ಕುಳಿತಿದ್ದೆ. ಬಲಗೈ ಎಲೆಯಲ್ಲೇ ಇತ್ತು. ಎಡಗೈಯಿಂದ ಮಹಾಂತೇಶನಿಗೆ ಏರಲು ಸನ್ನೆ ಮಾಡಿದೆ. ಏಣಿ ಹಿಡಿಯಲು ಒಬ್ಬರೂ ಇರಲಿಲ್ಲ, ಎಲ್ಲರನ್ನೂ ನೀರು ಕೊಡಲು ಹಚ್ಚಿದ್ದೆ. ಅವನು ಬಿದ್ದ. ತೊಡೆಯ ಎಲುಬು ಮುರಿಯಿತು.

ಲೋಹಿತ ನನಗೆ ಹೇಳಿದ ಮಾತು ಇದು: "ಯಜಮಾನ್ರು ಹೊಳ್ಳಿ ನೋಡಿದ್ರು ಅಕ್ಕಾರ. ನೋಡಿ, ಮತ್ತ ತುತ್ತು ಕಲಸಿದ್ರು."

ಆ ತುತ್ತು ಹೇಗೆ ಇಳಿಯಿತು ಅಣ್ಣಾ?

ಬಸ್ ನಿಲ್ದಾಣದ ಅಂಗಡಿಯಿಂದ ತಂದ ಪುಸ್ತಿಕೆಯೊಂದರಲ್ಲಿ ಓದಿದ್ದೇನೆ: ಯಜಮಾನಿಕೆ ಎಂದರೆ ಮೊದಲು ಉಣ್ಣುವ ಹಕ್ಕಲ್ಲ, ಮೊದಲು ಏಳುವ ಹೊಣೆ. ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಇಲ್ಲಿಯ ಗೋದಾಮಿನ ಗೋಡೆಗೆ ಹಚ್ಚಿದ್ದೇನೆ. ಅಪ್ಪ ಈ ಸೀಜನ್ನಿಗೆ ಹಾನಗಲ್ಲನ್ನು ನನ್ನ ಕೈಗೆ ಕೊಟ್ಟಿದ್ದಾರೆ. ನನ್ನ ಕಡೆಯ ಆಳು ನಿನ್ನ ಕೆಲಸದಲ್ಲಿ ಬಿದ್ದಿದ್ದಾನೆ. ಆದ್ದರಿಂದ ಕೇಳುವ ಹಕ್ಕು ನನಗಿದೆ. ಅವನ ಊರು ಆಡೂರಿಗೆ ಹೋಗು. ಅವನ ಹಾಸಿಗೆಯ ಪಕ್ಕ ಕುಳಿತು, "ನಾ ಏಳಬೇಕಿತ್ತು" ಎಂದು ಹೇಳು. ಅಷ್ಟೇ.

ನಿನ್ನ ತಂಗಿ,
ಸವಿತಾ


ಹಿರೇಕೆರೂರು
15 ಫೆಬ್ರುವರಿ 2025

ಸವಿತಾ,

ಕುತುಬು ಚಾಚಾ ನಿನ್ನ ಲಕೋಟೆ ಕೊಡುವಾಗ, "ಬಿಸಿ ಐತಿ, ಹುಷಾರ್ ಹಿಡೀರಿ" ಅಂದರು. ಓದಿದ ಮೇಲೆ ಅರ್ಥವಾಯಿತು.

ನೀನು ಬರೆದದ್ದರಲ್ಲಿ ಸುಳ್ಳಿಲ್ಲ. ಆದರೆ ಪೂರ್ತಿಯೂ ಇಲ್ಲ. ಪಂಕ್ತಿ ಒಟ್ಟಿಗೆ ಕೂಡುತ್ತದೆ, ಒಟ್ಟಿಗೆ ಏಳುತ್ತದೆ. ನಡುವೆ ಒಬ್ಬ ಎದ್ದರೆ ಅವನ ಸಾಲಿನ ಹಿರಿಯರೆಲ್ಲ ಎಲೆ ಬಿಡಬೇಕು. ಹೆಣ್ಣಿನ ಮನೆಯಲ್ಲಿ ಮೊದಲ ಪಂಕ್ತಿಯೇ ಮುರಿಯಿತು ಎಂದರೆ ಆ ಹುಡುಗಿಗೆ ಜನ್ಮವಿಡೀ ಅಂಟುವ ಮಾತು ಅದು. ಹೆಣ್ಣಿನ ತಂದೆ ನನ್ನ ಮಣಿಕಟ್ಟು ಹಿಡಿದು, "ಏಳಬ್ಯಾಡ್ರಿ ಶಿವಾನಂದ, ನಿಮ್ಮ ಕಾಲಿಗೆ ಬೀಳ್ತೇನಿ" ಅಂದರು. ನಾನು ಕುಳಿತಲ್ಲಿಂದಲೇ ಕೂಗಿ ನಾಲ್ಕು ಜನರನ್ನು ಕಳಿಸಿದೆ. ಊಟ ಮುಗಿಯುವುದರೊಳಗೆ ಅವನು ಆಸ್ಪತ್ರೆಯ ದಾರಿಯಲ್ಲಿದ್ದ. ಅಲ್ಲಿಯ ಖರ್ಚೆಲ್ಲ ನನ್ನದೇ. ನಾನು ಎದ್ದಿದ್ದರೆ ಅವನ ಎಲುಬು ಕೂಡುತ್ತಿತ್ತೇನು?

ಇನ್ನೊಂದು ಮಾತು. ನೀನು ಹುಟ್ಟುವ ಮೊದಲು ಅಪ್ಪ ಬಂಡಿಯಲ್ಲಿ ಬಾಡಿಗೆ ಹಂಡೆ ಹೇರಿಕೊಂಡು ಊರೂರಿಗೆ ಹೋಗುತ್ತಿದ್ದರು. ಆಗ ನಮಗೆ ಊಟ ಹಿತ್ತಲಲ್ಲಿ, ಎಲ್ಲರದೂ ಮುಗಿದ ಮೇಲೆ, ನಿಂತುಕೊಂಡು. ಅಪ್ಪನ ಸೊಂಟದ ಹತ್ತಿರ ನಾನೂ ನಿಂತು ಉಂಡಿದ್ದೇನೆ. ಶಿಗ್ಗಾಂವಿಯ ಒಂದು ಮದುವೆಯಲ್ಲಿ ಮನೆಯ ಹಿರಿಯರು ಅಪ್ಪನ ಕೈ ಹಿಡಿದು ಪಂಕ್ತಿಯಲ್ಲಿ ಕೂರಿಸಿದರು. ಆ ಎಲೆ ನಮ್ಮ ಮನೆತನಕ್ಕೆ ಸಿಕ್ಕ ಮರ್ಯಾದೆ. ಅದರ ಮುಂದಿನಿಂದ ಎದ್ದು ಹೋಗು ಎಂದು ಹತ್ತು ರೂಪಾಯಿಯ ಪುಸ್ತಿಕೆ ಹೇಳುತ್ತದೆ. ಹತ್ತು ರೂಪಾಯಿಗೆ ಅಷ್ಟೇ ಬುದ್ಧಿ ಬರುತ್ತದೆ ತಂಗಿ.

ಇಲ್ಲಿಯ ಹುಡುಗರು ಯಾರೂ ಒಂದು ಮಾತೂ ಆಡಿಲ್ಲ. ನೀನು ಹಾನಗಲ್ಲು ನೋಡಿಕೋ.

ಶಿವಾನಂದ


ಹಾನಗಲ್ಲ
19 ಫೆಬ್ರುವರಿ 2025

ಅಣ್ಣಾ,

ಯಾರೂ ಒಂದು ಮಾತೂ ಆಡಿಲ್ಲ ಎಂದು ಸಮಾಧಾನದಿಂದ ಬರೆದಿದ್ದೀಯ. ನನಗೆ ಅದೇ ಹೆದರಿಕೆಯ ಸುದ್ದಿ ಎನಿಸಿತು.

ಎಲುಬು ಕೂಡುತ್ತಿತ್ತೇನು ಎಂದು ಕೇಳಿದೆ. ಇಲ್ಲ. ಆದರೆ ತಾನು ಬಿದ್ದರೆ ಯಜಮಾನ ಏಳುತ್ತಾನೋ ಇಲ್ಲವೋ ಎಂಬ ಪ್ರಶ್ನೆಗೆ ಅಂದು ಅಲ್ಲಿದ್ದ ಪ್ರತಿಯೊಬ್ಬನಿಗೂ ಉತ್ತರ ಸಿಕ್ಕಿತು. ಆ ಹುಡುಗಿಗೆ ಮಾತು ಅಂಟುತ್ತದೆ ಎಂದು ಹೆದರಿದೆ. ಮಹಾಂತೇಶನಿಗೆ ಕುಂಟು ಅಂಟಿದೆ. ಯಾವುದು ಹೆಚ್ಚು?

ಇಷ್ಟು ವರ್ಷ ನಮ್ಮವರು ಹಿತ್ತಲಲ್ಲಿ ನಿಂತು ಉಂಡರು. ಈಗ ನಾವಿಬ್ಬರು ಮುಂದೆ ಕೂಡುತ್ತೇವೆ, ಉಳಿದವರು ಅದೇ ಹಿತ್ತಲಲ್ಲಿ ನಿಂತಿದ್ದಾರೆ. ಇದಕ್ಕೆ ಮರ್ಯಾದೆ ಎನ್ನುತ್ತೀಯ. ನಾನು ಒಪ್ಪುವುದಿಲ್ಲ. ಮುಂದಿನ ವಾರ ತಿಳವಳ್ಳಿಯಲ್ಲಿ ನಮ್ಮದು ದೊಡ್ಡ ಕೆಲಸವಿದೆ. ಅಲ್ಲಿ ನಮ್ಮವರೆಲ್ಲ ಮೊದಲ ಪಂಕ್ತಿಯಲ್ಲಿ ಉಣ್ಣುತ್ತಾರೆ. ಬಡಿಸುವವಳು ನಾನು. ಮದುವೆಯ ಮನೆಯವರಿಗೆ ಈ ಕರಾರು ಹೇಳಿಯೇ ಕೆಲಸ ಒಪ್ಪಿಕೊಂಡಿದ್ದೇನೆ. ನೋಡುತ್ತಿರು.

ಆಡೂರಿಗೆ ಇನ್ನೂ ಹೋಗಿಲ್ಲ ನೀನು.

ಸವಿತಾ


ಹಾನಗಲ್ಲ
4 ಮಾರ್ಚ್ 2025

ಅಣ್ಣಾ,

ತಿಳವಳ್ಳಿಯ ಕೆಲಸ ಚೆನ್ನಾಗಿ ಆಯಿತು. ನಮ್ಮವರು ಮೊದಲ ಪಂಕ್ತಿಯಲ್ಲಿ ಕುಳಿತರು. ನಾನು ಬಡಿಸಿದೆ. ಹೆಚ್ಚಿಗೆ ಬರೆಯಲು ವೇಳೆಯಿಲ್ಲ. ಎರಡು ಕೊಪ್ಪರಿಗೆ ವಾಪಸು ಕಳಿಸಿದ್ದೇನೆ.

ಸವಿತಾ


ಹಿರೇಕೆರೂರು
8 ಮಾರ್ಚ್ 2025

ಸವಿತಾ,

ಕೊಪ್ಪರಿಗೆ ಬಂದವು. ಅವುಗಳ ಜೊತೆ ಸುದ್ದಿಯೂ ಬಂತು.

ಪಾತ್ರೆ ತೊಳೆಯುವ ವೀರವ್ವ ಎಲೆಯ ಮುಂದಿನಿಂದ ಅರ್ಧ ಊಟಕ್ಕೆ ಎದ್ದು ಹೊರಟಳಂತೆ. ಅವಳ ಹಿಂದೆ ಉಳಿದವರೂ ಎದ್ದರಂತೆ. ನೀನು ಹೋಳಿಗೆಯ ಬುಟ್ಟಿ ಹಿಡಿದು ನಡುವೆ ಒಬ್ಬಳೇ ನಿಂತಿದ್ದೆಯಂತೆ. ಪಂಕ್ತಿ ಮುರಿಯಬಾರದು ಎಂದು ನಾನು ಬರೆದಾಗ ನೀನು ಒಪ್ಪಲಿಲ್ಲ. ಕೊನೆಗೆ ನಿನ್ನ ಪಂಕ್ತಿಯೇ ಮುರಿಯಿತಲ್ಲ! ಮದುವೆಯ ಮನೆಯವರು ಅಪ್ಪನಿಗೆ ಫೋನ್ ಮಾಡಿ, "ನೀಲಪ್ಪನವರ, ಮಗಳಿಗೆ ಪೆಂಡಾಲ ಹಾಕಾಕ ಕಳಿಸೀರೋ, ಭಾಷಣ ಮಾಡಾಕ ಕಳಿಸೀರೋ?" ಎಂದು ಕೇಳಿದರಂತೆ. ಚೆನ್ನಾಗಿ ಆಯಿತು ಎಂದು ಬರೆದಿದ್ದೀಯ. ಚೆನ್ನಾಗಿ ಆಗದಿದ್ದರೆ ಹೇಗಿರುತ್ತಿತ್ತೋ!

ಇರಲಿ. ಲೋಹಿತನನ್ನೂ ಇನ್ನಿಬ್ಬರನ್ನೂ ಬರುವ ವಾರ ಇಲ್ಲಿಗೆ ಕಳಿಸು. ನಮ್ಮ ಹುಡುಗರು ಜೋಳದ ರಾಶಿಗೆ ಊರಿಗೆ ಹೋಗಿದ್ದಾರೆ.

ಶಿವಾನಂದ


ಹಾನಗಲ್ಲ
14 ಮಾರ್ಚ್ 2025

ಅಣ್ಣಾ,

ಹೌದು, ಮುರಿಯಿತು. ನಿನಗೆ ಗೊತ್ತಾಗಬಾರದೆಂದು ಬರೆಯಲಿಲ್ಲ. ಈಗ ಪೂರ್ತಿ ಕೇಳು. ಅರ್ಧ ಕೇಳಿ ನಗುವ ಸುಖ ನಿನಗೆ ಯಾಕೆ ಕೊಡಲಿ.

ಬೆಳಗಿನಿಂದ ಕಂಬ ನೆಟ್ಟ ಮೈ, ಬೂದಿ ಹತ್ತಿದ ಕೈ. ಹಾಗೇ ಅವರನ್ನು ರೇಷ್ಮೆ ಸೀರೆಗಳ ಎದುರಿಗೆ ಕೂರಿಸಿದೆ. ಯಾರೂ ತಲೆ ಎತ್ತಲಿಲ್ಲ. ನಾನು ಬಡಿಸುತ್ತ ಹೋದ ಹಾಗೆ ಮದುವೆಗೆ ಬಂದವರು ನನ್ನನ್ನು ನೋಡಿದರು, ಫೋನಿನಲ್ಲಿ ಫೋಟೊ ತೆಗೆದರು. ನನಗೆ ಖುಷಿಯಾಯಿತು. ಆ ಖುಷಿಯಲ್ಲಿ ಎಲೆಗಳನ್ನು ನೋಡಲಿಲ್ಲ, ಅಲ್ಲಿ ಅನ್ನ ಹಾಗೇ ಇತ್ತು. ವೀರವ್ವ ಎದ್ದಳು. ಹಿತ್ತಲಿಗೆ ಹೋಗಿ ಕೈ ತೊಳೆದು, ಹಿಂದೆ ಓಡಿಬಂದ ನನಗೆ ಅಂದಳು:

"ನಮ್ಮನ್ನ ಕೇಳಿದ್ಯಾ ಯವ್ವಾ? ನಿನ್ನ ಹಟಕ್ಕ ನಮ್ಮನ್ನ ಎಲಿ ಮುಂದ ಕುಂದರಿಸಿದಿ. ನಿಮ್ಮಣ್ಣ ಏಳಂಗಿಲ್ಲ, ನೀ ಏಳಾಕ ಬಿಡಂಗಿಲ್ಲ. ಏನ್ ಫರಕ್ ಐತಿ ಹೇಳ?"

ಲೋಹಿತನದು ಇನ್ನೂ ಖಾರ. "ಸೇವಾ ನೀವ ಮಾಡ್ತೀರಿ, ಹೆಸರೂ ನೀವ ತಗೋತೀರಿ. ನಮಗೇನ್ ಉಳೀತ್ರಿ ಅಕ್ಕಾರ? ಬರೇ ಹೋಳಿಗಿ!"

ಮರುದಿನ ಗೋದಾಮಿನಲ್ಲಿ ಜಮಖಾನ ಹಾಸಿ ಎಲ್ಲರನ್ನೂ ಕೂಡಿಸಿದೆ. ನಿಮಗೇನು ಬೇಕು ಹೇಳಿ ಎಂದು ನೋಟ್ ಪುಸ್ತಕ, ಪೆನ್ನು ಹಿಡಿದು ಕುಳಿತೆ. "ನೀವ ಹೇಳ್ರಿ, ಮಾಡ್ತೇವಿ" ಅಂದರು. ವೀರವ್ವ, "ಆ ಪುಸ್ತಕ ಮುಚ್ಚು ಮದಲ, ಪೊಲೀಸರಂಗ ಕುಂತೀಯಲ್ಲ" ಅಂದಳು. ಮುಚ್ಚಿದೆ. ಸುಮ್ಮನೆ ಕೂಡುವುದು ನನಗೆ ಎಷ್ಟು ಕಷ್ಟ ಎಂದು ನಿನಗೆ ಗೊತ್ತು. ತುಟಿ ಕಚ್ಚಿಕೊಂಡು ಕುಳಿತೆ. ಒಬ್ಬ ಕೆಮ್ಮಿದ. ಇನ್ನೊಬ್ಬ ಚಹಾದ ವಿಷಯ ತೆಗೆದ. ಅಲ್ಲಿಂದ ಮಾತು ಶುರುವಾಯಿತು.

ಅವರಿಗೆ ಮೊದಲ ಪಂಕ್ತಿ ಬೇಡ. ಮದುವೆಯ ಮನೆಯ ಎಲೆಯೇ ಬೇಡ. ಪೆಂಡಾಲಿನ ಹಿಂದೆ ನಮ್ಮದೇ ಒಂದು ಒಲೆ ಬೇಕು, ವೀರವ್ವನ ಕೈಯ ರೊಟ್ಟಿ-ಪಲ್ಯ ಬೇಕು, ಜನ ಬರುವ ಮೊದಲೇ ಹೊಟ್ಟೆ ತುಂಬಿರಬೇಕು. ಪಾತ್ರೆ ತೊಳೆಯುವ ಹೆಂಗಸರನ್ನು ಕತ್ತಲಾಗುವ ಮುಂಚೆ ಮನೆ ಮುಟ್ಟಿಸಬೇಕು. ಇಷ್ಟು ದಿನ ನಾನು ಇದನ್ನು ಯಾವ ಪುಸ್ತಿಕೆಯಲ್ಲಿ ಹುಡುಕುತ್ತಿದ್ದೆನೋ!

ಕೊನೆಯ ಮಾತು ಮಹಾಂತೇಶನದು. ಅವನನ್ನು ಅಂದು ಆಡೂರಿನಿಂದ ಕರೆಸಿದ್ದೆ. ಕಾಲು ಚಾಚಿಕೊಂಡು ಮೂಲೆಯಲ್ಲಿ ಕುಳಿತಿದ್ದ. "ಮ್ಯಾಲ ಒಬ್ಬ ಇರೂತನಕ ಕೆಳಗ ಯಜಮಾನ್ರು ನಿಂತಿರಬೇಕ್ರಿ. ಏಣಿ ಹಿಡೀಬೇಕಂತಿಲ್ಲ, ಅದಕ್ಕ ನಮ್ಮವರ ಅದಾರ. ಕುಂದರಬಾರದು, ಉಣ್ಣಬಾರದು, ಮ್ಯಾಲ ನೋಡ್ಕೋಂತ ನಿಂತಿರಬೇಕು. ಅಷ್ಟ" ಅಂದ. ಎಲ್ಲರೂ ಹೂಂ ಅಂದರು. ಇಲ್ಲಿ ಈಗ ಅದೇ ಕಾಯ್ದೆ. ಗೋಡೆಯ ಮೇಲಿನ ನನ್ನ ದೊಡ್ಡ ಅಕ್ಷರಗಳನ್ನು ಕಿತ್ತು ಒಲೆಗೆ ಹಾಕಿದೆ.

ಲೋಹಿತನನ್ನು ಕೇಳಿದೆ, ಹಿರೇಕೆರೂರಿಗೆ ಹೋಗುತ್ತೀಯಾ ಎಂದು. "ಅಲ್ಲಿ ಕೆಳಗ ಯಾರ್ ನಿಂದರ್ತಾರ್ರಿ?" ಅಂದ. ಆದ್ದರಿಂದ ಕಳಿಸುವುದಿಲ್ಲ. ಈ ಕಾಯ್ದೆಯನ್ನು ನೀನೂ ಒಪ್ಪಿಕೋ, ಅವರೇ ಬರುತ್ತಾರೆ.

ಸವಿತಾ


ಹಿರೇಕೆರೂರು
2 ಏಪ್ರಿಲ್ 2025

ಸವಿತಾ,

ಯುಗಾದಿಗೆ ಮನೆಗೆ ಬರಲಾಗಲಿಲ್ಲ. ಕೆಲಸವಿತ್ತು.

ಬಹಳ ವಿಚಾರ ಮಾಡಿ ಬರೆಯುತ್ತಿದ್ದೇನೆ. ಎರಡು ಗೋದಾಮು, ಎರಡು ಕಾಯ್ದೆ, ಇಬ್ಬರು ಯಜಮಾನರು: ಇದು ನಡೆಯುವುದಿಲ್ಲ. ಹಾನಗಲ್ಲಿನ ಸಾಮಾನನ್ನೂ ಆಳುಗಳನ್ನೂ ಹಿರೇಕೆರೂರಿಗೆ ತಂದು ಒಂದೇ ಕಡೆ ಮಾಡುತ್ತೇನೆ. ಅಪ್ಪನ ಜೊತೆ ಮಾತಾಡಿದ್ದೇನೆ, ಬೇಡ ಅಂದಿಲ್ಲ. ಶುಕ್ರವಾರ ಕುತುಬು ಚಾಚಾ ಟೆಂಪೊ ತರುತ್ತಾರೆ. ಮೊದಲ ಟ್ರಿಪ್ಪಿನಲ್ಲಿ ಕಬ್ಬಿಣದ ಕಂಬಗಳು ಬರಲಿ. ಗೋದಾಮಿನ ಕೀಲಿಯನ್ನು ಅವರ ಕೈಯಲ್ಲೇ ಕೊಟ್ಟು ಕಳಿಸು.

ಇದನ್ನು ಸೋಲು ಎಂದು ತಿಳಿಯಬೇಡ. ನಿನಗೆ ಓದುವ ಹುಚ್ಚಿದೆ. ಮನೆಯಲ್ಲಿ ಕುಳಿತು ಓದು.

ಶಿವಾನಂದ


ಹಾನಗಲ್ಲ
5 ಏಪ್ರಿಲ್ 2025

ಅಣ್ಣಾ,

ಟೆಂಪೊ ಖಾಲಿ ಬರುತ್ತಿದೆ. ಕೀಲಿ ನನ್ನ ಹತ್ತಿರವೇ ಇದೆ.

ಆಳುಗಳನ್ನು ತರುತ್ತೇನೆ ಎಂದು ಬರೆದಿದ್ದೀಯ. ಅವರು ಕೊಪ್ಪರಿಗೆಗಳಲ್ಲ. ಮನೆಯಲ್ಲಿ ಕುಳಿತು ಓದು ಎಂದೂ ಬರೆದಿದ್ದೀಯ. ಮಹಾಂತೇಶನ ಕಾಲು ಮುರಿದ ಕೆಲಸವನ್ನು ಇನ್ನೂ ಹಿಗ್ಗಿಸಿಕೊಂಡು ನೀನು ಯಜಮಾನನಾಗಬೇಕು, ನಾನು ಪುಟ ತಿರುವಬೇಕು. ಈ ದುರಾಸೆ ನಿನ್ನಲ್ಲಿ ಯಾವಾಗ ಹೊಕ್ಕಿತು?

ನಿನ್ನೆ ಆದದ್ದನ್ನು ಕುತುಬು ಚಾಚಾ ಹೇಳಬಹುದು, ಆದರೂ ಬರೆಯುತ್ತೇನೆ. ಅವರು ಟೆಂಪೊ ಹಿಂದಕ್ಕೆ ತಂದು ನಿಲ್ಲಿಸಿದರು. ನಮ್ಮವರು ಬಂದು ಕಬ್ಬಿಣದ ಕಂಬಗಳ ರಾಶಿಯ ಮೇಲೆ ಕುಳಿತರು. ಯಾರೂ ಕೂಗಲಿಲ್ಲ, ಸುಮ್ಮನೆ ಕುಳಿತರು. ಚಾಚಾ, "ನಾ ಡ್ರೈವರ್ ಅದೇನಿ ಬೇಟಿ, ನ್ಯಾಯ ಹೇಳೂ ಪಂಚ ಅಲ್ಲ" ಎಂದು ಬೀಡಿ ಹಚ್ಚಿ ದೂರ ನಿಂತರು. ಅಷ್ಟರಲ್ಲಿ ಅಪ್ಪ ಬಂದರು. ಬೋರಲು ಹಾಕಿದ್ದ ಒಂದು ಹಂಡೆಯ ಮೇಲೆ ಕುಳಿತು ಕೇಳಿದರು:

"ಕೀಲಿ ಎಲ್ಲೈತಿ?"

"ಕೊಡಂಗಿಲ್ಲಪ್ಪಾ."

"ಯಾರನ್ನ ಕೇಳಿ ಕೊಡಂಗಿಲ್ಲ ಅಂತಿ?"

"ಇವರನ್ನ ಕೇಳಿ."

ಅಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದರು. ನಾನು ಬೈಗುಳಕ್ಕೆ ಕಾದೆ. ಅವರು ವೀರವ್ವನ ಕಡೆ ತಿರುಗಿ, "ಅದೇನೋ ಒಲಿ ಹೂಡೀರಂತಲ್ಲ, ರೊಟ್ಟಿ ಐತೇನು?" ಅಂದರು. ಅವರ ನಡುವೆ ಕುಳಿತು ಎರಡು ರೊಟ್ಟಿ ಉಂಡರು. ಆಮೇಲೆ ಒಂದು ಮಾತು ಹೇಳಿದರು. ಇದು ನಿನಗೆ ಬೇಕಾಗಿದ್ದು, ಅದಕ್ಕೇ ಅವರು ಅಂದಂತೆಯೇ ಬರೆಯುತ್ತೇನೆ.

"ಶಿಗ್ಗಾಂವ್ಯಾಗ ನನ್ನ ಪಂಕ್ತ್ಯಾಗ ಕುಂದರಿಸಿದ್ರು. ದೊಡ್ಡ ಮರ್ಯಾದಿ. ನನ್ನ ಹುಡುಗೂರು ಹಿತ್ತಲ ಬಾಗಿಲದಾಗ ನಿಂತು ನೋಡಾಕತ್ತಿದ್ರು. ಗಂಟಲಾಗ ಇಳೀಲಿಲ್ಲ. ಆದ್ರೂ ಮುಂದ ಇಪ್ಪತ್ತು ವರ್ಷ ಕುಂತ ಉಂಡೆ ನೋಡು."

ಏಳುವಾಗ, "ಸೀಜನ್ ಮುಗೀಲಿ, ನೋಡೂಣು" ಅಂದರು. ಸೀಜನ್ ಮುಗಿದ ಮೇಲೂ ಕೊಡುವುದಿಲ್ಲ ಎಂದು ನಾನು ಅಂದೆ. ಅವರಿಗೆ ಕೇಳಿಸಿತೋ ಇಲ್ಲವೋ. ನಿನಗೆ ಕೇಳಿಸಲಿ ಎಂದು ಬರೆದಿದ್ದೇನೆ.

ಸವಿತಾ


ಹಿರೇಕೆರೂರು
15 ಏಪ್ರಿಲ್ 2025

ಸವಿತಾ,

ಆಯಿತು, ಹಾನಗಲ್ಲು ಇಟ್ಟುಕೋ.

ಅಕ್ಷರ ಸೊಟ್ಟಗಿದ್ದರೆ ಓದಿಕೋ. ಬೈಕಿನಿಂದ ಜಾರಿ ಬಲಗೈಗೆ ಪೆಟ್ಟಾಗಿದೆ, ಪಟ್ಟಿ ಕಟ್ಟಿದ್ದಾರೆ, ದೊಡ್ಡದೇನಲ್ಲ. ಅವ್ವನಿಗೆ ಹೇಳಬೇಡ, ಬಸ್ ಹತ್ತಿ ಬಂದುಬಿಡುತ್ತಾಳೆ.

ಅಪ್ಪ ಅಂದದ್ದನ್ನು ಓದಿದೆ. ನನಗೆ ಎಂದೂ ಹೇಳಿರಲಿಲ್ಲ ಅವರು. ನಾನು ಆ ಎಲೆಯನ್ನೇ ನೋಡಿಕೊಂಡು ದೊಡ್ಡವನಾದೆ.

ಮಾಸೂರಿನಲ್ಲಿ ಬಸವ ಜಯಂತಿಯ ದಿನ ಒಂದು ದೊಡ್ಡ ಮದುವೆಯ ಕೆಲಸವಿದೆ. ಬಿಡಲು ಬರುವುದಿಲ್ಲ, ಅದು ಹೋದರೆ ಇಲ್ಲಿ ಯಾರೂ ಕರೆಯುವುದಿಲ್ಲ. ಅದಕ್ಕೂ ಮೊದಲಿನ ಸೋಮವಾರವೇ ಕಂಬ ಏಳಬೇಕು. ನಿಭಾಯಿಸುತ್ತೇನೆ. ನೀನು ಜನ ಕಳಿಸುವುದಿಲ್ಲ ಎಂದು ಗೊತ್ತು, ಕೇಳುತ್ತಿಲ್ಲ.

ಶಿವಾನಂದ


ಹಾನಗಲ್ಲ
24 ಏಪ್ರಿಲ್ 2025

ಅಣ್ಣಾ,

ನೀನು ಬೈಕಿನಿಂದ ಜಾರಿಲ್ಲ.

ಭಾನುವಾರ ಸವಣೂರಿನಲ್ಲಿ ನಮ್ಮ ಪೆಂಡಾಲು ಇತ್ತು. ಮೊದಲು ಅಲ್ಲಿಯ ಜಗಳ ಕೇಳು. ಮಧ್ಯಾಹ್ನ ಊಟಕ್ಕೆ ದಸ್ತರಖಾನ ಹಾಸಿದರು. ಒಂದು ದೀಪದ ತಂತಿ ಸಡಿಲಾಗಿತ್ತೆಂದು ಲೋಹಿತ ಮೇಲಿದ್ದ, ನಾನು ಕೆಳಗೆ ನಿಂತಿದ್ದೆ. ಮದುಮಗಳ ಅಜ್ಜಿ ಅಖ್ತರುನ್ನೀಸಾ ನನ್ನ ಕೈ ಹಿಡಿದು ಊಟಕ್ಕೆ ಕರೆದರು. ಬರುವುದಿಲ್ಲ ಅಂದೆ. ಖೀರನ್ನಾದರೂ ತಿನ್ನು ಅಂದರು. ಆಗಲೂ ಇಲ್ಲ ಅಂದೆ. ಅವರ ಮುಖ ಕೆಂಪಾಯಿತು.

"ಯಾಕ? ನಮ್ಮ ಮನಿದು ನಡಿಯಂಗಿಲ್ಲೇನ ನಿಮಗ? ಪೆಂಡಾಲ್ ನಡೀತೈತಿ, ಖೀರ್ ನಡಿಯಂಗಿಲ್ಲ?"

ಸುತ್ತಲಿನವರೆಲ್ಲ ತಿರುಗಿ ನೋಡಿದರು. ಮನೆತುಂಬ ಜನರಿರುವಾಗ ಅವರ ಅನ್ನಕ್ಕೆ ಅವಮಾನ ಮಾಡಿದವಳಂತೆ ನಿಂತಿದ್ದೆ. ಕುಳಿತುಬಿಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ಅಂದು ಹೆಣ್ಣಿನ ತಂದೆ ನಿನ್ನ ಮಣಿಕಟ್ಟು ಹಿಡಿದದ್ದು ಎಷ್ಟು ಬಿಗಿಯಾಗಿತ್ತು ಎಂದು ಆಗ ತಿಳಿಯಿತು. ಆದರೂ ಕೂಡಲಿಲ್ಲ. "ಮ್ಯಾಲ ನಮ್ಮ ಲೋಹಿತ ಅದಾನ್ರಿ ಅಜ್ಜಿ. ಅವ ಇಳಿಯೂತನಕ ನಾ ಕುಂದರಂಗಿಲ್ರಿ, ಉಣ್ಣಂಗಿಲ್ರಿ. ಯಾರ ಮನ್ಯಾಗೂ" ಅಂದೆ.

ಅಜ್ಜಿ ತಲೆ ಎತ್ತಿ ನೋಡಿದರು. ಆಮೇಲೆ ಇಡೀ ಪೆಂಡಾಲಿಗೆ ಕೇಳುವಂತೆ ಕೂಗಿದರು: "ಏ ಹುಡುಗಾ, ಲಗೂ ಇಳಿಯೋ! ಈಕಿ ಉಪಾಸ ಸಾಯಾಕತ್ತಾಳ!"

ಮೇಲಿನಿಂದ ಲೋಹಿತ, "ಲಗೂ ಇಳದ್ರ ಬೀಳ್ತೇನ್ರಿ ಅಜ್ಜಿ. ಬಿದ್ರ ನಮ್ಮ ಅಕ್ಕಾರು ಮತ್ತ ಪತ್ರ ಬರೀತಾರ!" ಅಂದ.

ಜನವೆಲ್ಲ ನಕ್ಕಿತು. ಅವನು ಇಳಿದ ಮೇಲೆ ಅಜ್ಜಿ ನಮ್ಮೆಲ್ಲರಿಗೂ ತಾವೇ ಖೀರು ಕೊಟ್ಟರು. ತಿನ್ನುತ್ತಿರುವಾಗ ಕುತುಬು ಚಾಚಾ ತಮ್ಮ ಬಟ್ಟಲು ಕೆಳಗಿಟ್ಟು, "ನಿಮ್ಮಣ್ಣಗೂ ಒಬ್ರು ಹಿಂಗ ಕೆಳಗ ನಿಂತಿದ್ರ ಕೈ ಉಳೀತಿತ್ತು" ಅಂದರು.

ಬಿಡದೆ ಕೇಳಿದೆ. ಎಲ್ಲ ಹೇಳಿದರು. ಹಿರೇಕೆರೂರಿನ ಹುಡುಗರು ರಾಶಿಗೆ ಹೋಗಿಲ್ಲ. ಮಹಾಂತೇಶ ಬಿದ್ದ ಮೇಲೆ ಒಬ್ಬೊಬ್ಬರೇ ಬಿಟ್ಟುಹೋದರು. ಮಾತಾಡಲಿಲ್ಲ, ಜಗಳವಾಡಲಿಲ್ಲ, ಬರುವುದನ್ನು ನಿಲ್ಲಿಸಿದರು. ಉಳಿದವರು ಸಾಮಾನು ಹೊರುತ್ತಾರೆ, ಏರುವುದಿಲ್ಲ. ಎರಡು ತಿಂಗಳಿನಿಂದ ನೀನೇ ಏರುತ್ತಿದ್ದೀಯ. ಆ ಭಾರದ ದೇಹ ಹೊತ್ತುಕೊಂಡು, ಒಬ್ಬನೇ. ಬಿದ್ದದ್ದೂ ಹಾಗೇ. ನಿನಗೆ ಜನ ಬೇಕಾಗಿದ್ದರು, ಅದಕ್ಕೇ ಹಾನಗಲ್ಲನ್ನು ಎತ್ತಿಕೊಂಡು ಹೋಗಲು ನೋಡಿದೆ. ನಾನು ದುರಾಸೆ ಎಂದು ಬರೆದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಕೀಲಿಯ ಮಾತನ್ನು ತೆಗೆದುಕೊಳ್ಳುವುದಿಲ್ಲ.

ಯಾಕೆಂದರೆ ಇದೂ ತಪ್ಪೇ ಅಣ್ಣಾ. ಏರಿ ನೀನು ತೀರಿಸಿಬಿಟ್ಟೆ ಎಂದುಕೊಂಡಿರಬಹುದು. ಯಾರ ಮುಖವನ್ನೂ ನೋಡದೆ, ಯಾರನ್ನೂ ಕೇಳದೆ, ಒಬ್ಬನೇ ನೋವು ತಿನ್ನುವುದು ಸುಲಭ. ನಾನು ತಿಳವಳ್ಳಿಯಲ್ಲಿ ಹೋಳಿಗೆ ಬಡಿಸಿದ್ದೂ ಅದೇ ಜಾತಿಯದು. ಮಹಾಂತೇಶನ ಎದುರು ಕುಳಿತುಕೊಳ್ಳುವುದು ಏಣಿಗಿಂತ ಎತ್ತರ. ಅದನ್ನು ನೀನು ಇನ್ನೂ ಏರಿಲ್ಲ.

ಸೋಮವಾರ ಗೋದಾಮಿನಲ್ಲಿ ಎಲ್ಲರಿಗೂ ಹೇಳಿದೆ. ವೀರವ್ವ, "ಏರ್ಲಿ ಬಿಡು, ಮ್ಯಾಲಿಂದ ಭೂಮಿ ಹ್ಯಾಂಗ ಕಾಣತೈತಿ ನೋಡ್ಲಿ" ಅಂದಳು. ಕೆಲವರು ನಕ್ಕರು. ಮಹಾಂತೇಶ ನಗಲಿಲ್ಲ. ಅವನು ಈಗ ಕೋಲು ಹಿಡಿದು ದಿನಾ ಬರುತ್ತಾನೆ, ಹಗ್ಗ-ಗಂಟುಗಳನ್ನೆಲ್ಲ ನೋಡಿ ಕಳಿಸುವವನು ಅವನೇ. ಕೇಳಿದ:

"ಅವರ ಕೆಳಗ ಯಾರ್ ನಿಂತಿದ್ರರೀ?"

"ಯಾರೂ ಇಲ್ಲ."

ಕೋಲಿನ ತುದಿಯಿಂದ ನೆಲ ಕೆರೆದ. "ಹಂಗಾರ ಅದೂ ತಪ್ಪ. ಕಾಯ್ದೆ ಅಂದ್ರ ಎಲ್ಲಾರಿಗೂ ಕಾಯ್ದೆ. ನಾ ಮಾಸೂರಿಗೆ ಟೆಂಪೊದಾಗ ಬರ್ತೇನಿ. ಮಾಫಿ-ಗೀಫಿ ಕೇಳಬಾರದಂತ ಹೇಳ್ರಿ. ಎದುರಿಗೆ ಬಂದು ಕುಂದರ್ಲಿ, ಮಾತಾಡೋದು ಐತಿ" ಅಂದ.

ಉಳಿದವರಲ್ಲಿ ಯಾರು ಬರುತ್ತಾರೋ ನನಗೆ ಗೊತ್ತಿಲ್ಲ. ಬರುತ್ತೀರಾ ಎಂದು ಕೇಳಿದ್ದೇನೆ, ಬನ್ನಿ ಎಂದು ಹೇಳಿಲ್ಲ. ಲೋಹಿತ ಇನ್ನೂ ಹೂಂ ಅಂದಿಲ್ಲ. ಯಾರೂ ಬರದಿದ್ದರೆ ಏಣಿಯ ಹತ್ತಿರ ಮೂರೇ ಜನ: ಕುಂಟುವವನೊಬ್ಬ, ಕೈಗೆ ಪಟ್ಟಿ ಕಟ್ಟಿಕೊಂಡವನೊಬ್ಬ, ಏಣಿ ಏರಲು ಬಾರದವಳೊಬ್ಬಳು. ಆ ಮದುವೆಗೆ ಪೆಂಡಾಲಿನ ನೆರಳಿಲ್ಲದಿದ್ದರೆ ಇಲ್ಲ. ಮನೆಯವರ ಎದುರು ನಿಂತು ನಾನೇ ಹೇಳುತ್ತೇನೆ. ನಮ್ಮ ಹೆಸರು ಹೋಗಲಿ, ಇನ್ನೊಂದು ಎಲುಬು ಹೋಗುವುದಕ್ಕೆ ನಾನು ಬಿಡುವುದಿಲ್ಲ.

ಬರುವ ಸೋಮವಾರ, ಏಪ್ರಿಲ್ 28, ಬೆಳಿಗ್ಗೆ ಆರು ಗಂಟೆ, ಮಾಸೂರಿನ ಆ ಮದುವೆಯ ಮನೆಯ ಅಂಗಳ. ನಾನು ಬಂದು ಕೆಳಗೆ ನಿಲ್ಲುವವರೆಗೆ ಏಣಿಗೆ ಕಾಲಿಡಬೇಡ.

ಸವಿತಾ